ಆಮ್ಲಜನಕ, ಅಕ್ಷಿಪಟಲ ಮತ್ತು ಲೆಕ್ಕಕ್ಕೆ ಸಿಗದ ಶಿಶುಗಳು

ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳನ್ನು ಕಾಡುವ ಕಣ್ಣಿನ ರೋಗವೊಂದರ ಸುತ್ತ ಕಳೆದ ಎಂಟು ದಶಕಗಳಲ್ಲಿ ನಡೆದ ಚಿಕಿತ್ಸಾ ಸಂಶೋಧನೆಯನ್ನು ಕುರಿತ ಈ ಸಂವಾದದಲ್ಲಿ ಇಬ್ಬರು ಪಾಲ್ಗೊಳ್ಳುತ್ತಾರೆ. ಒಬ್ಬರು ನೇತ್ರಶಾಸ್ತ್ರವನ್ನು ಬಲ್ಲ ವೈದ್ಯರು. ಇನ್ನೊಬ್ಬರು ಮನುಷ್ಯರ ಮೇಲೆ ನಡೆಯುವ ಪ್ರಯೋಗಗಳ ನ್ಯಾಯಾನ್ಯಾಯವನ್ನು ಪ್ರಶ್ನಿಸುವ ವಕೀಲರು.

ವಕೀಲರು: ಚಿಕಿತ್ಸಾ ಪ್ರಯೋಗವೆಂಬ ಪದ್ಧತಿಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದ ಬ್ರಿಟಿಷ್ ಪ್ರಯೋಗವನ್ನೋ, 1954ರ ಪೋಲಿಯೊ ಲಸಿಕೆಯ ಪ್ರಯೋಗವನ್ನೋ ಮುಂದಿಡುತ್ತಾರೆ. ಅವೆರಡನ್ನೂ ಬಿಟ್ಟು, ಹೆಚ್ಚು ಜನರಿಗೆ ಹೆಸರೂ ತಿಳಿಯದ ಶಿಶುಗಳ ಕಣ್ಣಿನ ರೋಗವೊಂದನ್ನು ಆರಿಸಿಕೊಳ್ಳುವುದಕ್ಕೆ ಕಾರಣವೇನು?

ವೈದ್ಯರು: ಅವೆರಡೂ ಗೆಲುವಿನ ಕಥೆಗಳು, ಗೆಲುವಿನಿಂದ ಪದ್ಧತಿಯ ಬಲ ತಿಳಿಯುತ್ತದೆಯೇ ಹೊರತು ಅದರ ಮಿತಿ ತಿಳಿಯುವುದಿಲ್ಲ. ದಿನ ತುಂಬದ ಶಿಶುಗಳ ಅಕ್ಷಿಪಟಲ ರೋಗದ ಇತಿಹಾಸದಲ್ಲಾದರೋ ಚಿಕಿತ್ಸೆಯೇ ರೋಗವನ್ನು ತಂದದ್ದು, ಅದನ್ನು ಪ್ರಯೋಗವೊಂದು ಬಯಲಿಗೆಳೆದದ್ದು, ಅದೇ ಪ್ರಯೋಗದ ಫಲಿತಾಂಶವನ್ನು ಅದು ಹೇಳದ ಕಡೆಗೂ ಹಿಗ್ಗಿಸಿ ಓದಿದ್ದರಿಂದ ಶಿಶುಗಳು ಸತ್ತದ್ದು, ಎಲ್ಲವೂ ಒಂದೇ ಕಡೆ ದೊರೆಯುತ್ತವೆ. ಪ್ರಯೋಗವೊಂದು ಯಾರನ್ನು ಎಣಿಸಿತು, ಯಾವ ಗಳಿಗೆಯಿಂದ ಎಣಿಸಿತು ಎಂಬುದು ಅದರ ಫಲಿತಾಂಶದಷ್ಟೇ ಮುಖ್ಯವೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ವೈದ್ಯಕೀಯದಲ್ಲಿ ಸುಲಭವಾಗಿ ಸಿಗುವುದಿಲ್ಲ.

ವಕೀಲರು: ಹಾಗಿದ್ದರೆ ರೋಗದ ಸ್ವರೂಪದಿಂದಲೇ ಆರಂಭವಾಗಲಿ. ದಿನ ತುಂಬದ ಮಗುವಿನ ಕಣ್ಣಿನಲ್ಲಿ ನಿಜವಾಗಿ ಕೆಡುವುದೇನು?

ವೈದ್ಯರು: ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ, ಬೆಳಕನ್ನು ಗ್ರಹಿಸಿ ಮಿದುಳಿಗೆ ಸುದ್ದಿ ಕಳುಹಿಸುವ ತೆಳುವಾದ ನರಪದರಕ್ಕೆ ಅಕ್ಷಿಪಟಲ ಅಥವಾ ರೆಟಿನಾ ಎಂದು ಹೆಸರು. ಗರ್ಭದ ಸುಮಾರು ಹದಿನಾರನೆಯ ವಾರದವರೆಗೆ ಈ ಪದರದಲ್ಲಿ ರಕ್ತನಾಳಗಳೇ ಇರುವುದಿಲ್ಲ; ಆಮೇಲೆ ಅವು ದೃಷ್ಟಿನರದ ಬುಡದಿಂದ ಹೊರಟು ಅಂಚಿನ ಕಡೆಗೆ ನಿಧಾನವಾಗಿ ಹರಡುತ್ತ, ಮೂಗಿನ ಪಕ್ಕದ ಅಂಚನ್ನು ಮೂವತ್ತಾರನೆಯ ವಾರದ ಹೊತ್ತಿಗೂ ಕಿವಿಯ ಪಕ್ಕದ ಅಂಚನ್ನು ಹೆಚ್ಚುಕಡಿಮೆ ಹೆರಿಗೆಯ ಹೊತ್ತಿಗೂ ಮುಟ್ಟುತ್ತವೆ. ಇಪ್ಪತ್ತೆಂಟು ವಾರಕ್ಕೇ ಹುಟ್ಟಿದ ಮಗುವಿನಲ್ಲಿ ಈ ಪಯಣ ಅರ್ಧದಾರಿಯಲ್ಲಿರುವುದರಿಂದ ಅಕ್ಷಿಪಟಲದ ಅಗಲವಾದ ಹೊರವಲಯಕ್ಕೆ ರಕ್ತನಾಳವೇ ತಲುಪಿರುವುದಿಲ್ಲ. ಗರ್ಭದೊಳಗೆ ಆಮ್ಲಜನಕದ ಪ್ರಮಾಣ ಕಡಿಮೆ. ಹೊರಗೆ ಬಂದ ಮಗುವಿಗೆ ಒಮ್ಮೆಲೇ ಹೆಚ್ಚಿನ ಆಮ್ಲಜನಕ ದೊರೆತಾಗ ನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನು ಕುಸಿದು, ನಾಳಗಳು ಸಂಕುಚಿತಗೊಂಡು ಬೆಳೆಯುವುದನ್ನೇ ನಿಲ್ಲಿಸುತ್ತವೆ. ಇದು ಮೊದಲ ಹಂತ. ಕೆಲವು ವಾರಗಳಲ್ಲಿ ಅಕ್ಷಿಪಟಲ ತಾನಾಗಿ ಬಲಿಯುತ್ತ ಹೆಚ್ಚು ಆಮ್ಲಜನಕವನ್ನು ಬೇಡತೊಡಗಿದಾಗ, ನಾಳಗಳಿಲ್ಲದ ವಲಯ ಉಸಿರುಕಟ್ಟಿದಂತಾಗಿ ಅದೇ ಪ್ರೋಟೀನನ್ನು ಮಿತಿಮೀರಿ ಸುರಿಸುತ್ತದೆ. ಆಗ ಹುಟ್ಟುವ ಹೊಸ ನಾಳಗಳು ಎತ್ತೆತ್ತಲೋ ಬೆಳೆದು, ಸೋರಿ, ನಾರುಗಟ್ಟಿ, ಅಕ್ಷಿಪಟಲವನ್ನು ಗೋಡೆಯಿಂದ ಎಳೆದು ಕೀಳುತ್ತವೆ. ಈ ಎರಡನೆಯ ಹಂತ ಪೂರ್ತಿಯಾದರೆ ಉಳಿಯುವುದು ಕುರುಡು.

ವಕೀಲರು: ರೋಗ ಯಾವಾಗಿನಿಂದ ತಿಳಿದಿದೆ?

ವೈದ್ಯರು: ಬಾಸ್ಟನ್ನಿನ ನೇತ್ರತಜ್ಞ ಥಿಯೊಡೋರ್ ಟೆರಿ 1942ರಲ್ಲಿ ಮೊದಲ ವರದಿ ಬರೆದರು. ಮಸೂರದ ಹಿಂದೆ ಬಿಳಿಯ ನಾರಿನ ಪೊರೆ ಕಂಡುಬರುತ್ತಿದ್ದುದರಿಂದ ಅದಕ್ಕೆ ರೆಟ್ರೊಲೆಂಟಲ್ ಫೈಬ್ರೊಪ್ಲೇಸಿಯ ಎಂಬ ಹೆಸರು ಬಂತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು ಹತ್ತು ಸಾವಿರ ಮಕ್ಕಳು ಇದರಿಂದ ದೃಷ್ಟಿ ಕಳೆದುಕೊಂಡರೆಂದು ಅಂದಾಜಿಸಲಾಗಿದೆ. 1950ರಲ್ಲಿ ದಿನ ತುಂಬದೆ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರಲ್ಲಿ ಒಬ್ಬರು. ವಿಚಿತ್ರವೆಂದರೆ ಈ ರೋಗ ಬಡ ಆಸ್ಪತ್ರೆಗಳಿಗಿಂತ ಹೆಚ್ಚಾಗಿ ಸುಸಜ್ಜಿತವಾದ, ಹೊಸ ಇನ್‌ಕ್ಯುಬೇಟರುಗಳಿದ್ದ ಆಸ್ಪತ್ರೆಗಳಲ್ಲೇ ಹರಡುತ್ತಿತ್ತು. ಈ ಸುಳಿವು ಕಣ್ಣೆದುರಿಗೇ ಇದ್ದರೂ ಅದರ ಅರ್ಥ ಗೋಚರಿಸಲು ಒಂಬತ್ತು ವರ್ಷ ಹಿಡಿಯಿತು. ಆ ನಡುವೆ ವಿಟಮಿನ್ನುಗಳು, ಕಬ್ಬಿಣದ ಅಂಶ, ಹಸುವಿನ ಹಾಲು, ಬೆಳಕು ಎಂದು ಹತ್ತಾರು ಕಾರಣಗಳ ಮೇಲೆ ಸಂಶಯ ಬಿದ್ದು ಹೋಯಿತು.

ವಕೀಲರು: ಸಂಶಯ ಬಿದ್ದಲ್ಲೆಲ್ಲ ಚಿಕಿತ್ಸೆಯೂ ನಡೆದಿರಬೇಕಲ್ಲವೆ?

ವೈದ್ಯರು: ನಡೆಯಿತು, ಮತ್ತು ಅವುಗಳಲ್ಲಿ ಒಂದು ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ನ್ಯೂಯಾರ್ಕಿನಲ್ಲಿ ಮಕ್ಕಳ ತಜ್ಞ ವಿಲಿಯಂ ಸಿಲ್ವರ್‌ಮನ್ ಮತ್ತವರ ಸಹೋದ್ಯೋಗಿಗಳು, ಅಡ್ರಿನಲ್ ಗ್ರಂಥಿಯನ್ನು ಕೆರಳಿಸುವ ಎಸಿಟಿಎಚ್ ಎಂಬ ಹಾರ್ಮೋನನ್ನು ರೋಗದ ಆರಂಭದ ಲಕ್ಷಣ ಕಂಡ ಶಿಶುಗಳಿಗೆ ಕೊಟ್ಟು ನೋಡಿದರು. ಮೂವತ್ತೊಂದು ಶಿಶುಗಳಲ್ಲಿ ಇಪ್ಪತ್ತೈದು ಸಹಜವಾದ ಕಣ್ಣುಗಳೊಂದಿಗೆ ಮನೆಗೆ ಹೋದವು. ಆ ಹಾರ್ಮೋನು ಕೊಡದ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ರೋಗ ಕಂಡ ಏಳರಲ್ಲಿ ಆರು ಶಿಶುಗಳು ಕುರುಡಾದವು. ಇಷ್ಟು ಅಂತರವಿದ್ದ ಮೇಲೆ ಬಹುಪಾಲು ವೈದ್ಯರು ಇನ್ನೇನೂ ಪರೀಕ್ಷೆ ಬೇಡವೆಂದೇ ತೀರ್ಮಾನಿಸುತ್ತಿದ್ದರು. ಸಿಲ್ವರ್‌ಮನ್ ಅವರ ತಂಡ ಹಾಗೆ ಮಾಡದೆ, ಬಣ್ಣದ ಗೋಲಿಗಳನ್ನು ಎತ್ತುವ ಮೂಲಕ ಯಾವ ಶಿಶುವಿಗೆ ಹಾರ್ಮೋನು, ಯಾವುದಕ್ಕೆ ಇಲ್ಲ ಎಂಬುದನ್ನು ನಿರ್ಧರಿಸಿತು. ವೈದ್ಯರ ಇಷ್ಟಾನಿಷ್ಟಗಳಿಗೆ ಎಡೆಗೊಡದೆ ಅದೃಷ್ಟಕ್ಕೆ ಬಿಟ್ಟು ರೋಗಿಗಳನ್ನು ಗುಂಪುಗಳಾಗಿ ಹಂಚುವ ಈ ಕ್ರಮಕ್ಕೆ ಯಾದೃಚ್ಛಿಕ ಹಂಚಿಕೆ ಎನ್ನುತ್ತಾರೆ.

ವಕೀಲರು: ಹಸುಗೂಸುಗಳ ದೃಷ್ಟಿಯನ್ನು ಗೋಲಿಯಾಟಕ್ಕೆ ಒಪ್ಪಿಸಿದಂತಾಗಲಿಲ್ಲವೆ? ಮೂವತ್ತೊಂದರಲ್ಲಿ ಇಪ್ಪತ್ತೈದನ್ನು ಉಳಿಸಿದ ಔಷಧ ಕೈಯಲ್ಲಿರುವಾಗ ಅರ್ಧದಷ್ಟು ಮಕ್ಕಳಿಗೆ ಅದನ್ನು ಬೇಕೆಂದೇ ತಪ್ಪಿಸುವುದನ್ನು ಯಾವ ನ್ಯಾಯಾಲಯವೂ ಸುಲಭವಾಗಿ ಒಪ್ಪದು.

ವೈದ್ಯರು: ಔಷಧ ಉಳಿಸಿತು ಎಂಬ ಆ ಮಾತೇ ಸಾಬೀತಾಗಿರಲಿಲ್ಲ. ಫಲಿತಾಂಶ ಬಂದಾಗ ಹಾರ್ಮೋನು ಪಡೆದ ಶಿಶುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಕುರುಡಾಗಿದ್ದವು, ಪಡೆಯದವುಗಳಲ್ಲಿ ಐದನೆಯ ಒಂದು ಭಾಗ. ಹಾರ್ಮೋನು ಪಡೆದವುಗಳಲ್ಲಿ ಸೋಂಕಿನಿಂದ ಸತ್ತವುಗಳೂ ಹೆಚ್ಚು. ಮೊದಲ ಮೂವತ್ತೊಂದರಲ್ಲಿ ಇಪ್ಪತ್ತೈದು ಶಿಶುಗಳು ಗುಣವಾದದ್ದು ಔಷಧದಿಂದಲ್ಲ. ಈ ರೋಗ ಆರಂಭದಲ್ಲಿ ಕಂಡರೂ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಹಿಂಜರಿಯುತ್ತದೆ ಎಂಬ ಸಂಗತಿ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಔಷಧವನ್ನು ತಪ್ಪಿಸಿಕೊಂಡವರೇ ಬದುಕಿಕೊಂಡರು. ಆದ್ದರಿಂದ ಹೋಲಿಕೆಗೆ ಗುಂಪಿಲ್ಲದೆ ಔಷಧ ಕೊಡುವುದು ದಯೆ, ಹೋಲಿಸಿ ನೋಡುವುದು ಕ್ರೌರ್ಯ ಎಂಬ ಭಾವನೆ ಮೇಲುನೋಟಕ್ಕೆ ಎಷ್ಟು ಸಹಜವೋ ವಸ್ತುಸ್ಥಿತಿಯಲ್ಲಿ ಅಷ್ಟೇ ಅಪಾಯಕಾರಿ.

ವಕೀಲರು: ಆ ವಾದದ ಬಲವನ್ನು ಒಪ್ಪಬೇಕಾಗುತ್ತದೆ, ಆದರೆ ಪೂರ್ತಿಯಾಗಿ ಅಲ್ಲ, ಫಲಿತಾಂಶ ತಿರುಗುಮುರುಗಾಗಿದ್ದರೆ ಅದೇ ಗೋಲಿಗಳನ್ನು ಎತ್ತಿದ ಕೈಯನ್ನು ಜಗತ್ತು ಬೇರೆ ರೀತಿಯಲ್ಲಿ ನೋಡುತ್ತಿತ್ತು. ಅದಿರಲಿ. ಆಮ್ಲಜನಕದ ಮೇಲೆ ಮೊದಲು ಬೆರಳು ತೋರಿಸಿದವರು ಯಾರು?

ವೈದ್ಯರು: ಮೆಲ್ಬರ್ನ್ ನಗರದ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್, 1951ರಲ್ಲಿ. ಅಲ್ಲಿನ ಆಸ್ಪತ್ರೆಗಳಲ್ಲಿ ಆಮ್ಲಜನಕದ ಬಳಕೆ ಒಂದೇ ತೆರನಾಗಿರಲಿಲ್ಲ. ಧಾರಾಳವಾಗಿ ಕೊಡುತ್ತಿದ್ದ ಕಡೆ ಸುಮಾರು ಶೇಕಡಾ 19ರಷ್ಟು ಶಿಶುಗಳಲ್ಲಿ ರೋಗ ಕಂಡರೆ, ಮಿತವಾಗಿ ಕೊಡುತ್ತಿದ್ದ ಕಡೆ ಶೇಕಡಾ 7ರಷ್ಟರಲ್ಲಿ ಮಾತ್ರ ಕಂಡಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೇರಿ ಕ್ರಾಸ್ ಎಂಬ ವೈದ್ಯೆಯೂ ಅದೇ ಹೊತ್ತಿಗೆ ಇಂಥದೇ ಸಂಬಂಧವನ್ನು ಗುರುತಿಸಿದರು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗಿ ಉಪಕರಣಗಳಿಗೆ ಹಣ ಹರಿದುಬಂದ ಮೇಲೆಯೇ ಅಲ್ಲಿ ರೋಗ ತಲೆಯೆತ್ತಿತ್ತು. ಲಂಡನ್ನಿನಲ್ಲಿ ನಾರ್ಮನ್ ಆ್ಯಷ್ಟನ್ ಬೆಕ್ಕಿನ ಮರಿಗಳನ್ನು ಹೆಚ್ಚಿನ ಆಮ್ಲಜನಕದಲ್ಲಿಟ್ಟು, ಅವುಗಳ ಬೆಳೆಯುತ್ತಿರುವ ನಾಳಗಳು ಮುಚ್ಚಿಹೋಗುವುದನ್ನು ತೋರಿಸಿದ್ದು ಸ್ವಲ್ಪ ಸಮಯದ ನಂತರ. ಆದರೆ ಆಸ್ಪತ್ರೆ ಆಸ್ಪತ್ರೆಗಳ ನಡುವಿನ ಹೋಲಿಕೆಯಲ್ಲಿ ಆಮ್ಲಜನಕವೊಂದೇ ಅಲ್ಲದೆ ಆಹಾರ, ಆರೈಕೆ, ದಾಖಲಾಗುವ ಶಿಶುಗಳ ತೂಕ ಎಲ್ಲವೂ ಬೇರೆಬೇರೆಯಾಗಿರುವುದರಿಂದ ಅದು ಸುಳಿವು ಮಾತ್ರ, ನಿರ್ಣಯವಲ್ಲ.

ವಕೀಲರು: ನಿರ್ಣಯಕ್ಕೆ ಮತ್ತೆ ಹಂಚಿಕೆಯ ಪ್ರಯೋಗವೇ ಬೇಕಾಯಿತು.

ವೈದ್ಯರು: ಹೌದು, ಮತ್ತು ಅದಕ್ಕೆ ದೊಡ್ಡ ವಿರೋಧವಿತ್ತು. ವಾಷಿಂಗ್ಟನ್ನಿನ ಗ್ಯಾಲಿಂಜರ್ ಮುನಿಸಿಪಲ್ ಆಸ್ಪತ್ರೆಯಲ್ಲಿ ಆರ್ನಲ್ ಪ್ಯಾಟ್ಸ್ ಎಂಬ ತರುಣ ನೇತ್ರವೈದ್ಯರು ಇಂಥ ಪ್ರಯೋಗಕ್ಕೆ ಸರ್ಕಾರದ ಅನುದಾನ ಕೇಳಿದಾಗ, ಆಮ್ಲಜನಕ ಕಡಿಮೆ ಮಾಡಿದರೆ ಶಿಶುಗಳು ಸಾಯುತ್ತವೆಂಬ ಕಾರಣಕ್ಕೆ ಅದು ನಿರಾಕೃತವಾಗಿ, ಅವರು ತಮ್ಮ ಅಣ್ಣನಿಂದ ಸಾಲ ಪಡೆದು ಕೆಲಸ ಮುಂದುವರಿಸಬೇಕಾಯಿತು. ಕಡಿಮೆ ಆಮ್ಲಜನಕದ ಗುಂಪಿಗೆ ಸೇರಿದ ಶಿಶುಗಳ ಬಗ್ಗೆ ಮರುಕಗೊಂಡ ಕೆಲವು ದಾದಿಯರು ರಾತ್ರಿ ಹೊತ್ತು ಗುಟ್ಟಾಗಿ ಆಮ್ಲಜನಕವನ್ನು ಏರಿಸಿಬಿಡುತ್ತಿದ್ದರು. ಆ ದಾದಿಯರನ್ನು ಹಳಿಯಲಾಗದು. ಅವರ ಕಣ್ಣಿಗೆ ಬೀಳುತ್ತಿದ್ದುದು ನೀಲಿಗಟ್ಟಿದ ಮೈ, ಮುಂದೆ ಬರಬಹುದಾದ ಕುರುಡಲ್ಲ. ಆದರೂ 1952ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ತೀವ್ರ ರೋಗ ಕಂಡದ್ದು ಹೆಚ್ಚಿನ ಆಮ್ಲಜನಕ ಪಡೆದ ಶಿಶುಗಳಲ್ಲೇ. ಪ್ಯಾಟ್ಸ್ ಅವರಿಗೆ 1956ರಲ್ಲಿ ಲಾಸ್ಕರ್ ಪ್ರಶಸ್ತಿಯೂ, ಬಹಳ ತಡವಾಗಿ 2004ರಲ್ಲಿ ಅಮೆರಿಕದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವೂ ಬಂದವು.

ವಕೀಲರು: ಒಂದೇ ಆಸ್ಪತ್ರೆಯ ಸಣ್ಣ ಪ್ರಯೋಗವನ್ನು ಇಡೀ ದೇಶ ನಂಬಿತೆ?

ವೈದ್ಯರು: ನಂಬಲಿಲ್ಲ. ಅದಕ್ಕಾಗಿಯೇ 1953ರ ಜುಲೈಯಲ್ಲಿ ಅಮೆರಿಕದ ಹದಿನೆಂಟು ಆಸ್ಪತ್ರೆಗಳು ಒಟ್ಟುಗೂಡಿ, ಡೆಟ್ರಾಯಿಟ್‌ನ ಎವರೆಟ್ ಕಿನ್ಸಿ ಅವರ ಸಂಯೋಜನೆಯಲ್ಲಿ, 1,500 ಗ್ರಾಮಿಗಿಂತ ಹೆಚ್ಚಿಲ್ಲದ 786 ಶಿಶುಗಳನ್ನೊಳಗೊಂಡ ಸಹಕಾರಿ ಪ್ರಯೋಗವನ್ನು ಕೈಗೊಂಡವು. ಮೊದಲ ಮೂರು ತಿಂಗಳಲ್ಲಿ ಮೂರರಲ್ಲೊಂದು ಶಿಶುವಿಗೆ ಅಂದಿನ ರೂಢಿಯಂತೆ ಇಪ್ಪತ್ತೆಂಟು ದಿನಗಳ ಕಾಲ ಶೇಕಡಾ 50ಕ್ಕಿಂತ ಹೆಚ್ಚಿನ ಆಮ್ಲಜನಕ, ಉಳಿದೆರಡಕ್ಕೆ ಅಗತ್ಯ ಬಿದ್ದಾಗ ಮಾತ್ರ ಆಮ್ಲಜನಕ ಎಂದು ಹಂಚಲಾಯಿತು. ಈ ಅಸಮ ಹಂಚಿಕೆ ಒಂದು ರಾಜಿ: ಆಮ್ಲಜನಕವೇ ವಿಷವೆಂದು ನಂಬಿದವರು ಅದನ್ನು ಹೆಚ್ಚು ಶಿಶುಗಳಿಗೆ ಕೊಡಲು ಒಪ್ಪುತ್ತಿರಲಿಲ್ಲ, ಅದೇ ಜೀವವೆಂದು ನಂಬಿದವರು ತಪ್ಪಿಸಲು ಒಪ್ಪುತ್ತಿರಲಿಲ್ಲ. ಮೂರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಸಾವಿನ ಪ್ರಮಾಣ ಭಿನ್ನವಾಗಿಲ್ಲವೆಂದು ಕಂಡುಬಂದ ಕೂಡಲೇ ಎಲ್ಲ ಶಿಶುಗಳನ್ನೂ ಮಿತ ಆಮ್ಲಜನಕಕ್ಕೆ ಸೇರಿಸಲಾಯಿತು. ಕಣ್ಣಿನಲ್ಲಿ ಕಲೆಗಟ್ಟಿ ಉಳಿಯುವ ರೋಗ ರೂಢಿಯ ಗುಂಪಿನಲ್ಲಿ ಶೇಕಡಾ 23, ಮಿತವಾದ ಗುಂಪಿನಲ್ಲಿ ಶೇಕಡಾ 7. ಈ ಫಲಿತಾಂಶ 1954ರ ಸೆಪ್ಟೆಂಬರಿನಲ್ಲಿ ಘೋಷಣೆಯಾಯಿತು.

ವಕೀಲರು: ತಂದೆತಾಯಿಗಳ ಒಪ್ಪಿಗೆ?

ವೈದ್ಯರು: ಇಂದು ಕಾನೂನು ಬಯಸುವ ಅರ್ಥದ, ಲಾಭನಷ್ಟಗಳನ್ನು ತಿಳಿಸಿ ಪಡೆಯುವ ಲಿಖಿತ ಸಮ್ಮತಿ ಆಗ ರೂಢಿಯಲ್ಲಿರಲಿಲ್ಲ, ಮನುಷ್ಯರನ್ನೊಳಗೊಂಡ ಸಂಶೋಧನೆಯ ನೀತಿಯನ್ನು ನಿರೂಪಿಸಿದ ಹೆಲ್ಸಿಂಕಿ ಘೋಷಣೆ ಬಂದದ್ದು 1964ರಲ್ಲಿ. ಆದರೆ ಈ ಪ್ರಯೋಗದ ದೊಡ್ಡ ಲೋಪ ಸಮ್ಮತಿಯದ್ದಲ್ಲ, ಎಣಿಕೆಯದ್ದು. ಶಿಶು ಹುಟ್ಟಿ ನಲವತ್ತೆಂಟು ಗಂಟೆ ಕಳೆದ ಮೇಲೆ ಮಾತ್ರ ಅದನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳಲಾಗುತ್ತಿತ್ತು. ದಿನ ತುಂಬದ ಶಿಶುಗಳು ಉಸಿರಾಟದ ತೊಂದರೆಯಿಂದ ಅತಿ ಹೆಚ್ಚಾಗಿ ಸಾಯುವುದು ಆ ಮೊದಲ ನಲವತ್ತೆಂಟು ಗಂಟೆಗಳಲ್ಲೇ. ಅಂದರೆ ಎರಡು ದಿನ ಬದುಕಿ ಗಟ್ಟಿಯಾದ ಶಿಶುಗಳಲ್ಲಿ ಆಮ್ಲಜನಕ ಕಡಿಮೆ ಮಾಡಿದರೆ ಸಾವು ಹೆಚ್ಚುವುದಿಲ್ಲ ಎಂಬಷ್ಟನ್ನು ಮಾತ್ರ ಪ್ರಯೋಗ ತೋರಿಸಿತ್ತು. ಹುಟ್ಟಿದ ಗಳಿಗೆಯಿಂದಲೇ ಕಡಿಮೆ ಮಾಡಿದರೆ ಏನಾಗುತ್ತದೆಂಬ ಪ್ರಶ್ನೆಯನ್ನು ಅದು ಮುಟ್ಟಿಯೇ ಇರಲಿಲ್ಲ.

ವಕೀಲರು: ಆದರೆ ಆಸ್ಪತ್ರೆಗಳು ಆ ಭೇದವನ್ನು ಪಾಲಿಸಲಿಲ್ಲ ಎಂದು ಊಹಿಸಬಹುದು.

ವೈದ್ಯರು: ಪಾಲಿಸಲಿಲ್ಲ. ಇನ್‌ಕ್ಯುಬೇಟರಿನ ಆಮ್ಲಜನಕ ಶೇಕಡಾ 40 ಮೀರಬಾರದೆಂಬುದು ಹುಟ್ಟಿದ ಮೊದಲ ನಿಮಿಷದಿಂದ ಎಲ್ಲ ಶಿಶುಗಳಿಗೂ ಅನ್ವಯಿಸುವ ಕಟ್ಟಳೆಯಾಯಿತು. ಅದನ್ನು ಮೀರಿದ ವೈದ್ಯರಿಗೆ ಮೊಕದ್ದಮೆಯ ಭಯವೂ ಸೇರಿಕೊಂಡಿತು. ಕುರುಡು ಬೆರಗಾಗುವಷ್ಟು ವೇಗದಲ್ಲಿ ಇಳಿಯಿತು, ಎಲ್ಲರೂ ಸಮಾಧಾನಪಟ್ಟರು. ಉಸಿರಾಟದ ತೊಂದರೆಯಿಂದ ಮೊದಲ ದಿನವೇ ತೀರಿಕೊಳ್ಳುವ ಶಿಶುಗಳು ಹೆಚ್ಚಾಗಿದ್ದುದನ್ನು 1960ರಲ್ಲೇ ಕೆಲವರು ಗುರುತಿಸಿದ್ದರೂ ಅದಕ್ಕೆ ಮನ್ನಣೆ ದೊರೆಯಲು ಇನ್ನಷ್ಟು ವರ್ಷ ಬೇಕಾಯಿತು. 1973ರಲ್ಲಿ ಕೆನೆತ್ ಕ್ರಾಸ್ ಎಂಬ ಬ್ರಿಟಿಷ್ ಶರೀರಶಾಸ್ತ್ರಜ್ಞರು ಮೊದಲ ದಿನದ ಸಾವಿನ ಅಂಕಿಗಳನ್ನು ವರ್ಷವರ್ಷಕ್ಕೆ ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಒಂದು ಮಗುವಿನ ದೃಷ್ಟಿ ಉಳಿಸಿಕೊಳ್ಳಲು ಸುಮಾರು ಹದಿನಾರು ಮಕ್ಕಳು ಪ್ರಾಣ ತೆತ್ತಿರಬಹುದೆಂದು ಅಂದಾಜಿಸಿದರು. ಆ ಸಂಖ್ಯೆಯ ಬಗ್ಗೆ ಚರ್ಚೆ ನಡೆಯಬಹುದು, ಅದು ಅಂದಾಜೇ ಹೊರತು ಎಣಿಕೆಯಲ್ಲ. ಆದರೆ ದಿಕ್ಕಿನ ಬಗ್ಗೆ ಈಗ ಗಂಭೀರ ಭಿನ್ನಾಭಿಪ್ರಾಯವಿಲ್ಲ. ಸಿಲ್ವರ್‌ಮನ್ 1980ರಲ್ಲಿ ಈ ಇಡೀ ಪ್ರಕರಣದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಸಂಶೋಧನೆಗೆ ಇಳಿಯುವ ಪ್ರತಿಯೊಬ್ಬ ಶಿಶುವೈದ್ಯರೂ ಅದನ್ನು ಓದಿರಬೇಕಾದುದು ನ್ಯಾಯ.

ವಕೀಲರು: ಇಲ್ಲಿ ತಪ್ಪಿತಸ್ಥರು ಯಾರು ಎಂದು ಕೇಳುವುದು ವಕೀಲರ ಅಭ್ಯಾಸ. ಪ್ರಯೋಗವೆ, ಅದನ್ನು ಓದಿದವರೆ?

ವೈದ್ಯರು: ಓದಿದವರ ಪಾಲು ಹೆಚ್ಚು. ನಲವತ್ತೆಂಟು ಗಂಟೆಯ ನಿಯಮ ವರದಿಯಲ್ಲಿ ಮುಚ್ಚಿಟ್ಟ ಸಂಗತಿಯಾಗಿರಲಿಲ್ಲ. ಆದರೆ ಕಣ್ಣಿನ ವೈದ್ಯರು ಕಣ್ಣನ್ನು ಮಾತ್ರ ನೋಡುತ್ತಿದ್ದರು. ಮೊದಲ ದಿನ ಸತ್ತ ಶಿಶು ಅವರ ಬಳಿಗೆ ಬರುವುದೇ ಇಲ್ಲ, ಆದ್ದರಿಂದ ಅವರ ಅಂಕಿಗಳಲ್ಲಿ ಅದು ಹುಟ್ಟಿಯೇ ಇರಲಿಲ್ಲ. ಒಂದು ವಿಭಾಗದ ಯಶಸ್ಸಿನ ಬೆಲೆಯನ್ನು ಇನ್ನೊಂದು ವಿಭಾಗ ತೆರುತ್ತಿರುವುದು ಗಮನಕ್ಕೆ ಬರಬೇಕಾದರೆ ಎರಡರ ಲೆಕ್ಕವನ್ನೂ ಒಂದೇ ಕಡೆ ಇಡುವವರು ಬೇಕು.

ವಕೀಲರು: ಈಗ ಆಮ್ಲಜನಕವನ್ನು ನಿಖರವಾಗಿ ಅಳೆಯುವ ಸಾಧನಗಳಿವೆ. ಸಮಸ್ಯೆ ಅಲ್ಲಿಗೆ ಮುಗಿಯಬೇಕಿತ್ತು.

ವೈದ್ಯರು: ಜಪಾನಿನ ತಕುವೊ ಅವೊಯಾಗಿ 1974ರಲ್ಲಿ ರೂಪಿಸಿದ ಪಲ್ಸ್ ಆಕ್ಸಿಮೀಟರ್ ತತ್ತ್ವದಿಂದ, ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದಲ್ಲಿ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನ ಶೇಕಡಾವಾರು ಪ್ರಮಾಣವನ್ನು, ಅಂದರೆ ಸಂತೃಪ್ತಿ ಮಟ್ಟವನ್ನು, ಗಳಿಗೆ ಗಳಿಗೆಗೂ ತಿಳಿಯುವುದು ಸಾಧ್ಯವಾಯಿತು. ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ ಸಾಧನ ಅದೇ. ಅಳೆಯಲು ಬಂದ ಮಾತ್ರಕ್ಕೆ ಎಷ್ಟಿರಬೇಕೆಂಬುದು ತಿಳಿದಂತಾಗುವುದಿಲ್ಲ. 85ರಿಂದ 95ರವರೆಗಿನ ಯಾವ ಮಟ್ಟವಾದರೂ ಸರಿ ಎಂಬ ಅಸ್ಪಷ್ಟ ರೂಢಿ ಹಲವು ವರ್ಷ ನಡೆದ ಮೇಲೆ, ಅಮೆರಿಕದಲ್ಲಿ ಸಪೋರ್ಟ್ ಎಂಬ ಹೆಸರಿನ ಪ್ರಯೋಗ 24ರಿಂದ 27 ವಾರಕ್ಕೆ ಹುಟ್ಟಿದ 1,316 ಶಿಶುಗಳನ್ನು 85–89 ಮತ್ತು 91–95 ಎಂಬ ಎರಡು ಮಟ್ಟಗಳಿಗೆ ಹಂಚಿತು. 2010ರಲ್ಲಿ ಪ್ರಕಟವಾದ ಫಲಿತಾಂಶ ಹಳೆಯ ಕಥೆಯನ್ನೇ ಸಂಖ್ಯೆಗಳಲ್ಲಿ ಮತ್ತೆ ಹೇಳಿತು: ಕಡಿಮೆ ಮಟ್ಟದಲ್ಲಿ ಬದುಕುಳಿದವರ ಪೈಕಿ ತೀವ್ರ ಅಕ್ಷಿಪಟಲ ರೋಗ ಶೇಕಡಾ 8.6, ಹೆಚ್ಚಿನ ಮಟ್ಟದಲ್ಲಿ 17.9, ಆದರೆ ಆಸ್ಪತ್ರೆಯಿಂದ ಬಿಡುಗಡೆಗೆ ಮೊದಲು ಸತ್ತವರು ಕಡಿಮೆ ಮಟ್ಟದಲ್ಲಿ ಶೇಕಡಾ 19.9, ಹೆಚ್ಚಿನ ಮಟ್ಟದಲ್ಲಿ 16.2. ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ಪ್ರಯೋಗಗಳೂ ಒಟ್ಟಾರೆಯಾಗಿ ಸಾವಿನ ವಿಷಯದಲ್ಲಿ ಅದೇ ದಿಕ್ಕನ್ನು ತೋರಿದವು.

ವಕೀಲರು: ಈ ಪ್ರಯೋಗದ ಕಡತ ಕಾನೂನು ಬಲ್ಲವರಿಗೆ ಚೆನ್ನಾಗಿ ಪರಿಚಿತ. ಆರೈಕೆ ಮಾಡುವವರಿಗೆ ಶಿಶು ಯಾವ ಗುಂಪಿನದೆಂದು ತಿಳಿಯಬಾರದೆಂಬ ಉದ್ದೇಶದಿಂದ, ಎರಡೂ ಗುಂಪುಗಳಲ್ಲಿ 88ರಿಂದ 92 ಎಂದೇ ಕಾಣುವಂತೆ ಆಕ್ಸಿಮೀಟರುಗಳನ್ನು ಮಾರ್ಪಡಿಸಲಾಗಿತ್ತು. ಅಮೆರಿಕದಲ್ಲಿ ಮನುಷ್ಯ ಸಂಶೋಧನೆಯ ರಕ್ಷಣೆಗೆಂದೇ ಇರುವ ಸರ್ಕಾರಿ ಕಚೇರಿ 2013ರಲ್ಲಿ, ಕುರುಡು ಮತ್ತು ಸಾವಿನ ಅಪಾಯವನ್ನು ಸಮ್ಮತಿ ಪತ್ರಗಳು ತಂದೆತಾಯಿಗಳಿಗೆ ಸರಿಯಾಗಿ ತಿಳಿಸಿರಲಿಲ್ಲವೆಂದು ಆಕ್ಷೇಪಿಸಿತು. ರೂಢಿಯಲ್ಲಿದ್ದ ಮಿತಿಯೊಳಗೇ ಎರಡೂ ಗುಂಪುಗಳಿದ್ದುದರಿಂದ ಹೆಚ್ಚಿನ ಅಪಾಯವೇನೂ ಇರಲಿಲ್ಲವೆಂದು ಸಂಶೋಧಕರು ವಾದಿಸಿದರು. ಆದರೆ ರೂಢಿಯಲ್ಲಿ ಶಿಶುವಿನ ಸ್ಥಿತಿ ನೋಡಿ ಮಟ್ಟವನ್ನು ಏರಿಳಿಸುವುದು ಬೇರೆ, ಚೀಟಿ ಎತ್ತಿದಂತೆ ಒಂದು ತುದಿಗೆ ಕಟ್ಟಿಹಾಕುವುದು ಬೇರೆ. ಇದನ್ನು ಅಲ್ಲಗಳೆಯುವುದು ಹೇಗೆ?

ವೈದ್ಯರು: ಅಲ್ಲಗಳೆಯಬೇಕಾಗಿಲ್ಲ. ಆ ಆಕ್ಷೇಪಣೆಗೆ ಉತ್ತರವಾಗಿ ಹಲವು ಹೆಸರಾಂತ ವೈದ್ಯರೂ ನೀತಿಶಾಸ್ತ್ರಜ್ಞರೂ ಸಂಶೋಧಕರ ಬೆಂಬಲಕ್ಕೆ ನಿಂತರು, ಕಚೇರಿಯೂ ತನ್ನ ಕ್ರಮವನ್ನು ಮುಂದೂಡಿತು. ಪ್ರಯೋಗ ಬೇಕಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಅದಿಲ್ಲದಿದ್ದರೆ ಕಣ್ಣನ್ನು ಕಾಪಾಡುವ ಉತ್ಸಾಹದಲ್ಲಿ ಕಡಿಮೆ ಮಟ್ಟವನ್ನೇ ಸುರಕ್ಷಿತವೆಂದು ನಂಬಿ ಸಾವಿರಾರು ಘಟಕಗಳು ಇನ್ನೂ ಮುಂದುವರಿಯುತ್ತಿದ್ದವು. ಆದರೆ ಅಳೆಯಲು ಹೊರಟ ಸಂಗತಿಗಳಲ್ಲಿ ಸಾವೂ ಒಂದೆಂದ ಮೇಲೆ, ಆ ಮಾತನ್ನು ತಾಯಿಗೆ ನೇರವಾಗಿ ಹೇಳದಿರುವುದಕ್ಕೆ ಯಾವ ಸಮರ್ಥನೆಯೂ ಸಾಲದು. ಸಂಶೋಧನೆ ಅಗತ್ಯವಿತ್ತೆಂಬುದು ಸಮ್ಮತಿಯ ಕೊರತೆಗೆ ಉತ್ತರವಾಗುವುದಿಲ್ಲ.

ವಕೀಲರು: ಈ ಒಪ್ಪಿಗೆ ವೈದ್ಯರ ಬಾಯಿಂದ ಬಂದದ್ದು ವಿರಳ. ಇನ್ನು ರೋಗ ಬಂದ ಮೇಲಿನ ಚಿಕಿತ್ಸೆ?

ವೈದ್ಯರು: ಅದರ ಇತಿಹಾಸ ಇಷ್ಟು ಜಟಿಲವಲ್ಲ. ನಾಳಗಳಿಲ್ಲದ ವಲಯವನ್ನು ಅತಿಶೀತಲ ಸಲಾಕೆಯಿಂದ ಹೆಪ್ಪುಗಟ್ಟಿಸಿ ನಾಶಮಾಡಿದರೆ ಅದು ಕೆರಳಿಸುವ ಪ್ರೋಟೀನನ್ನು ಸುರಿಸುವುದನ್ನು ನಿಲ್ಲಿಸುತ್ತದೆ ಎಂಬ ತರ್ಕದ ಮೇಲೆ 1986ರಲ್ಲಿ ಅಮೆರಿಕದ ಇಪ್ಪತ್ಮೂರು ಕೇಂದ್ರಗಳಲ್ಲಿ ಪ್ರಯೋಗ ಆರಂಭವಾಯಿತು. ಎರಡೂ ಕಣ್ಣುಗಳಲ್ಲಿ ಸಮನಾಗಿ ರೋಗವಿದ್ದ ಶಿಶುವಿಗೆ ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆ ಮಾಡಿ ಇನ್ನೊಂದನ್ನು ಹೋಲಿಕೆಗೆ ಬಿಟ್ಟದ್ದು ಇದರ ವಿಶೇಷ. ಒಂದೇ ಶರೀರದ ಎರಡು ಕಣ್ಣುಗಳಿಗಿಂತ ಸಮಾನವಾದ ಜೋಡಿ ಇನ್ನೆಲ್ಲಿಯೂ ಸಿಗದು. ಮೂರು ತಿಂಗಳ ಪರೀಕ್ಷೆಯಲ್ಲಿ ಕೆಟ್ಟ ಪರಿಣಾಮ ಚಿಕಿತ್ಸೆ ಪಡೆಯದ ಕಣ್ಣುಗಳಲ್ಲಿ ಶೇಕಡಾ 43, ಪಡೆದವುಗಳಲ್ಲಿ 21.8 ಎಂದು 1988ರಲ್ಲಿ ತಿಳಿದುಬಂತು. ಮುಂದೆ ಶೀತಲ ಸಲಾಕೆಯ ಸ್ಥಾನಕ್ಕೆ ಲೇಸರ್ ಬಂತು. ರೋಗ ಇನ್ನೂ ಸ್ವಲ್ಪ ಮುಂಚಿನ ಹಂತದಲ್ಲಿರುವಾಗಲೇ ಲೇಸರ್ ಮಾಡಿದರೆ ಫಲ ಉತ್ತಮವೆಂದು 2003ರ ಪ್ರಯೋಗ ತೋರಿಸಿತು. ಆ ಪ್ರೋಟೀನನ್ನೇ ತಡೆಯುವ ಔಷಧಗಳನ್ನು ಕಣ್ಣಿನೊಳಗೆ ಚುಚ್ಚುವ ವಿಧಾನ ಕಳೆದ ದಶಕದಿಂದ ಬಳಕೆಯಲ್ಲಿದೆ; ಬೆಳೆಯುತ್ತಿರುವ ಶಿಶುವಿನ ಉಳಿದ ಅಂಗಗಳ ಮೇಲೆ ಅವುಗಳ ದೂರಗಾಮಿ ಪರಿಣಾಮವನ್ನು ಇನ್ನೂ ಗಮನಿಸಲಾಗುತ್ತಿದೆ.

ವಕೀಲರು: ಇಷ್ಟೆಲ್ಲ ನಡೆದದ್ದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ. ಭಾರತದ ಶಿಶುಗಳಿಗೆ ಈ ಸಂಖ್ಯೆಗಳು ಹಾಗೆಯೇ ಅನ್ವಯಿಸುತ್ತವೆಯೆ?

ವೈದ್ಯರು: ಅನ್ವಯಿಸುವುದಿಲ್ಲ, ಮತ್ತು ಹಳೆಯ ಲೋಪ ಹೊಸ ರೂಪದಲ್ಲಿ ಮರುಕಳಿಸಿದ್ದು ಇಲ್ಲಿಯೇ. ಅಮೆರಿಕದ ನಿಯಮದಂತೆ 1,500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ 30 ವಾರಗಳೊಳಗೆ ಹುಟ್ಟಿದ ಶಿಶುಗಳ ಕಣ್ಣನ್ನು ತಪ್ಪದೆ ಪರೀಕ್ಷಿಸಬೇಕು. ಅಲ್ಲಿ ಅದಕ್ಕಿಂತ ದೊಡ್ಡ ಶಿಶುಗಳಿಗೆ ಈ ರೋಗ ತೀವ್ರವಾಗಿ ಬರುವುದು ತೀರ ಅಪರೂಪ. ಭಾರತದಲ್ಲಾದರೋ ಆಮ್ಲಜನಕಕ್ಕೆ ಗಾಳಿ ಬೆರೆಸುವ ಸಾಧನವಿಲ್ಲದೆ ಶುದ್ಧ ಆಮ್ಲಜನಕವನ್ನೇ ಕೊಡುವ, ಸಂತೃಪ್ತಿ ಮಟ್ಟವನ್ನು ನಿರಂತರವಾಗಿ ಅಳೆಯದ ಘಟಕಗಳು ಬಹಳಷ್ಟಿದ್ದುದರಿಂದ, 1,500 ಗ್ರಾಂ ಮೀರಿದ ಶಿಶುಗಳಲ್ಲೂ ಕುರುಡಿಗೆ ಒಯ್ಯುವಂಥ ರೋಗ ಕಾಣಿಸುತ್ತದೆ. ಪಾಶ್ಚಾತ್ಯ ಮಾನದಂಡವನ್ನು ಹಾಗೆಯೇ ಎರವಲು ತಂದರೆ ಚಿಕಿತ್ಸೆ ಬೇಕಾದ ಶಿಶುಗಳಲ್ಲಿ ಗಣನೀಯ ಪಾಲು ಪರೀಕ್ಷೆಯಿಂದಲೇ ಹೊರಗುಳಿಯುತ್ತದೆಂದು ಚಂಡೀಗಢದಲ್ಲಿ ನಡೆದ ಅಧ್ಯಯನಗಳೂ ಸೇರಿದಂತೆ ಹಲವು ಭಾರತೀಯ ಅಧ್ಯಯನಗಳು ತೋರಿಸಿದ ಮೇಲೆ, 34 ವಾರಗಳೊಳಗೆ ಹುಟ್ಟಿದ ಅಥವಾ 2,000 ಗ್ರಾಮಿಗಿಂತ ಕಡಿಮೆ ತೂಕದ ಎಲ್ಲ ಶಿಶುಗಳನ್ನೂ ಪರೀಕ್ಷಿಸಬೇಕೆಂಬ ನಿಯಮ ಇಲ್ಲಿ ರೂಪುಗೊಂಡಿತು. ಹೆಚ್ಚಿನ ಅಪಾಯದ ಲಕ್ಷಣಗಳಿದ್ದರೆ 36 ವಾರದವರೆಗಿನ ಶಿಶುಗಳೂ ಇದಕ್ಕೆ ಸೇರುತ್ತವೆ.

ವಕೀಲರು: ನಿಯಮವಿದ್ದ ಮಾತ್ರಕ್ಕೆ ಪರೀಕ್ಷಿಸುವವರು ಬೇಕಲ್ಲ. ವರ್ಷಕ್ಕೆ ಸುಮಾರು ಮೂವತ್ತು ಲಕ್ಷ ಶಿಶುಗಳು ದಿನ ತುಂಬುವ ಮೊದಲೇ ಹುಟ್ಟುವ ದೇಶದಲ್ಲಿ, ಶಿಶುವಿನ ಅಕ್ಷಿಪಟಲವನ್ನು ನೋಡಬಲ್ಲ ತಜ್ಞರು ದೊಡ್ಡ ನಗರಗಳಲ್ಲೇ ಇರುತ್ತಾರೆ.

ವೈದ್ಯರು: ಆ ಕೊರತೆಗೆ ಕರ್ನಾಟಕದಿಂದಲೇ ಬಂದ ಉತ್ತರ ಜಗತ್ತಿನ ಗಮನ ಸೆಳೆದಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿಣೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮ ಆರಂಭವಾಯಿತು. ವೈದ್ಯರಲ್ಲದ, ವಿಶೇಷ ತರಬೇತಿ ಪಡೆದ ತಂತ್ರಜ್ಞರು ಅಕ್ಷಿಪಟಲದ ಚಿತ್ರ ತೆಗೆಯುವ ಕ್ಯಾಮೆರಾವನ್ನು ವಾಹನದಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ಒಯ್ದು, ಶಿಶುಗಳ ಕಣ್ಣಿನ ಚಿತ್ರ ತೆಗೆದು, ಕೆಂಪು, ಕಿತ್ತಳೆ, ಹಸಿರು ಎಂಬ ಮೂರು ಗುರುತುಗಳಲ್ಲಿ ಸ್ಥಳದಲ್ಲೇ ವರ್ಗೀಕರಿಸುತ್ತಾರೆ. ಅದೇ ಚಿತ್ರಗಳು ಅಂತರ್ಜಾಲದ ಮೂಲಕ ಬೆಂಗಳೂರಿನ ತಜ್ಞರ ಮೊಬೈಲಿಗೆ ತಲುಪುತ್ತವೆ. ರಾಜ್ಯ ಸರ್ಕಾರವೂ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಇದರೊಂದಿಗೆ ಕೈಜೋಡಿಸಿತು. ತಂತ್ರಜ್ಞರ ತೀರ್ಮಾನ ತಜ್ಞರದಕ್ಕೆ ಎಷ್ಟು ಹತ್ತಿರವೆಂಬುದನ್ನೂ ಅಳೆದು ಪ್ರಕಟಿಸಿದ್ದರಿಂದ ಇದು ಸೇವೆಯಷ್ಟೇ ಅಲ್ಲ, ಸಂಶೋಧನೆಯೂ ಹೌದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಚಿತ್ರಣ ಸಂದರ್ಭಗಳ ಮೊದಲ ದೊಡ್ಡ ವರದಿ 2014ರಲ್ಲಿ ಹೊರಬಂತು. ಯಂತ್ರದ ಬೆಲೆಯೇ ದುಬಾರಿಯಾದ ಈ ಕ್ಷೇತ್ರದಲ್ಲಿ, ದುಬಾರಿ ಯಂತ್ರವನ್ನು ಊರೂರಿಗೆ ತಿರುಗಿಸಿ ಅಗ್ಗ ಮಾಡಿದ್ದು ಸಣ್ಣ ಸಾಧನೆಯಲ್ಲ.

ವಕೀಲರು: ಪರೀಕ್ಷೆ ತಪ್ಪಿದರೆ ಏನಾಗುತ್ತದೆಂಬುದನ್ನು ಮರುವರ್ಷ, 2015ರಲ್ಲಿ, ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 1996ರಲ್ಲಿ ದಿನ ತುಂಬದೆ ಹುಟ್ಟಿದ ಹೆಣ್ಣುಮಗುವಿನ ಕಣ್ಣನ್ನು ಪರೀಕ್ಷಿಸಬೇಕೆಂಬ ಸೂಚನೆ ತಂದೆತಾಯಿಗಳಿಗೆ ಸಿಗದೆ ಅದು ಪೂರ್ತಿ ಕುರುಡಾದ ಪ್ರಕರಣದಲ್ಲಿ, ಸುಮಾರು 1.8 ಕೋಟಿ ರೂಪಾಯಿಗಳ ಪರಿಹಾರ ನೀಡಬೇಕೆಂದು ತೀರ್ಪಾಯಿತು. ಆದರೆ ಪರಿಹಾರ ಬಂದಾಗ ಆ ಮಗುವಿಗೆ ಹದಿನೆಂಟು ತುಂಬಿತ್ತು.

ವೈದ್ಯರು: ಆ ತೀರ್ಪಿನ ನಂತರ ಬಿಡುಗಡೆಯ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕ ಬರೆಯುವ ಎಚ್ಚರ ಹಲವು ಆಸ್ಪತ್ರೆಗಳಿಗೆ ಬಂದಿದೆ. ಎಲ್ಲ ಕಡೆಗೂ ಬಂದಿಲ್ಲ. ಆದ್ದರಿಂದ ಚೀಟಿಯಲ್ಲಿ ದಿನಾಂಕವಿಲ್ಲದಿದ್ದರೆ ತಂದೆತಾಯಿಗಳೇ ಕೇಳಬೇಕಾಗುತ್ತದೆ. 34 ವಾರಗಳೊಳಗೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕವಿದ್ದ ಮಗುವಿನ ಅಕ್ಷಿಪಟಲ ಪರೀಕ್ಷೆ, ಮಗು ಆಸ್ಪತ್ರೆಯಲ್ಲಿರಲಿ ಮನೆಯಲ್ಲಿರಲಿ, ಹುಟ್ಟಿದ ಮೂವತ್ತು ದಿನಗಳೊಳಗೆ ಆಗಲೇಬೇಕು; 28 ವಾರಕ್ಕೂ ಮೊದಲು ಹುಟ್ಟಿದ ಅಥವಾ 1,200 ಗ್ರಾಮಿಗಿಂತ ಹಗುರಾದ ಮಗುವಿಗಾದರೆ ಎರಡು–ಮೂರು ವಾರಗಳೊಳಗೇ. ಹೊರಗಿನಿಂದ ಕಣ್ಣು ಸಹಜವಾಗಿಯೇ ಕಾಣುತ್ತದೆ, ಮಗು ನೋಡುತ್ತಿದೆಯೆಂದೇ ಮನೆಯವರಿಗೆ ಅನ್ನಿಸುತ್ತದೆ. ಚಿಕಿತ್ಸೆ ಬೇಕೆಂದು ಗೊತ್ತಾದ ಮೇಲೆ ಅದನ್ನು ಮಾಡಲು ಉಳಿಯುವುದು ಎರಡು–ಮೂರು ದಿನಗಳ ಅವಧಿ ಮಾತ್ರ.